ಕಂಬಿಗೆ ಜೋತುಬಿದ್ದ ಸೊಸೆ

ಹುಲಿಗೆಮ್ಮ ಬಿದ್ದದ್ದನ್ನು ಹೊಳಲ್ಕೆರೆಯಲ್ಲಿ ನೋಡದವರೇ ಇರಲಿಲ್ಲ. ಒಂದು ಸಲ ನೋಡಿದ್ದರೆ ಹೋಗಲಿ ಅನ್ನಬಹುದಿತ್ತು. ಕೇಬಲ್ ದಿಲಾವರ್ ಅದನ್ನು ಟಿವಿಯಲ್ಲಿ ದಿನಾ ಸಂಜೆ ಸಿನಿಮಾ ಶುರುವಾಗುವ ಮುಂಚೆ, ಇಂಟರ್‌ವಲ್‌ನಲ್ಲಿ, ಸೀರೆ ಅಂಗಡಿಯ ಜಾಹೀರಾತಿನ ಹಿಂದೆ ಮುಂದೆ, ಬೇಜಾರಿಲ್ಲದೆ ತೋರಿಸುತ್ತಿದ್ದ.

ದೊಡ್ಡ ಚಾನೆಲ್‌ಗಳಲ್ಲಿ ಜನ ಹಗ್ಗ ಹತ್ತುವುದನ್ನೂ ನೀರಿಗೆ ಬೀಳುವುದನ್ನೂ ನೋಡಿ ನೋಡಿ ದಿಲಾವರನಿಗೂ ಕೈ ತುರಿಸಿತ್ತು. ೨೦೦೫ರ ಬೇಸಿಗೆಯಲ್ಲಿ ತನ್ನ ಲೋಕಲ್ ಚಾನೆಲ್‌ನಲ್ಲಿ ‘ಗಟ್ಟಿ ಕೈ’ ಎಂಬ ಸ್ಪರ್ಧೆ ಶುರುಮಾಡಿದ. ಪ್ರತಿ ಭಾನುವಾರ ಹಾಡು, ಒಗಟು, ಚಮಚದಲ್ಲಿ ನಿಂಬೆಹಣ್ಣು, ಏನೇನೋ ಬದಲಾಗುತ್ತಿದ್ದವು. ಕೊನೆಯ ಸುತ್ತು ಮಾತ್ರ ಯಾವಾಗಲೂ ಅದೇ. ಮೈದಾನದಲ್ಲಿ ಎರಡು ಕಂಬ, ಮೇಲೆ ಅಡ್ಡಲಾಗಿ ಕಬ್ಬಿಣದ ಕಂಬಿ, ಕೆಳಗೆ ಮರಳು. ಇಬ್ಬರು ಜೋತುಬೀಳಬೇಕು. ಮೊದಲು ಕೈ ಬಿಟ್ಟವರು ಮನೆಗೆ, ಉಳಿದವರು ಗೆದ್ದಂತೆ. ಒಂದು ವಾರ ಗಂಡಸರದು, ಒಂದು ವಾರ ಹೆಂಗಸರದು.

ಹುಲಿಗೆಮ್ಮ ಹಿಟ್ಟಿನ ಗಿರಣಿ ದೊಡ್ಡತಿಮ್ಮಪ್ಪನವರ ಸೊಸೆ. ತವರು ಮತ್ತೋಡು. ಅಲ್ಲಿ ಆಳದ ಬಾವಿಯಿಂದ ನೀರು ಸೇದಿ ಸೇದಿ ಅವಳ ಕೈ ಗಟ್ಟಿಯಾಗಿತ್ತು. ಗೆದ್ದವರಿಗೆ ಕುಕ್ಕರು ಕೊಡುತ್ತಾರೆಂದು ಕೇಳಿ ಅವಳನ್ನು ಕಳಿಸಿದ್ದು ಅತ್ತೆ ಬೋರಕ್ಕನೇ. “ಜೋತುಬೀಳಾದು ತಾನೆ, ಹೋಗ್ ಬಾರವ್ವ” ಎಂದಿದ್ದಳು. ಹುಲಿಗೆಮ್ಮ ಜೋತುಬಿದ್ದಳು. ಎದುರಾಳಿಯ ಕೈ ನಡುಗತೊಡಗಿತ್ತು, ಇನ್ನೇನು ಗೆದ್ದಳು ಎನ್ನುವಷ್ಟರಲ್ಲಿ ಬೇಲಿಯಾಚೆ ಟಿವಿಎಸ್ ಗಾಡಿ ನಿಂತ ಸದ್ದು, ಆಮೇಲೆ ಒಂದು ಕೆಮ್ಮು. ಮಾವನ ಕೆಮ್ಮು. ತಲೆಯ ಮೇಲಿನ ಸೆರಗು ಯಾವಾಗಲೋ ಜಾರಿತ್ತು. ಅವಳು ಯೋಚನೆ ಮಾಡಲಿಲ್ಲ, ಬಲಗೈ ತಾನಾಗಿಯೇ ಕಂಬಿ ಬಿಟ್ಟು ಸೆರಗು ಎಳೆಯಿತು. ಒಂದೇ ಕೈ ಎಷ್ಟು ಹೊತ್ತು ತಾಳೀತು? ದೊಪ್ಪೆಂದು ಮರಳಿಗೆ ಬಿದ್ದಳು. ಬಿದ್ದಾಗಲೂ ಸೆರಗು ತಲೆಯ ಮೇಲೇ ಇತ್ತು.

ದಿಲಾವರ್ ಆ ಬೀಳುವಿಕೆಯನ್ನು ನಿಧಾನ ಮಾಡಿ, ನಡುವೆ ‘ಟೊಂಯ್’ ಎನ್ನುವ ಸದ್ದು ಸೇರಿಸಿ, ಕಾರ್ಯಕ್ರಮದ ಜಾಹೀರಾತನ್ನೇ ಮಾಡಿಬಿಟ್ಟ. ತರಕಾರಿ ಕೊಳ್ಳಲು ಹೋದರೆ ತರಕಾರಿಯವಳು ಸೆರಗು ಎಳೆದುಕೊಂಡು ಓಲಾಡಿ ತೋರಿಸುತ್ತಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಹುಡುಗರು ಹಿಂದಿನಿಂದ ‘ಟೊಂಯ್’ ಎನ್ನುತ್ತಿದ್ದರು. ಗಂಡ ಲಕ್ಷ್ಮೀಕಾಂತ ಹೊಸದುರ್ಗದ ಬಸ್ಸಿನ ಕಂಡಕ್ಟರು. ಅವನು ಟಿಕೆಟ್ ಹರಿಯುವಾಗಲೂ ಯಾರೋ ಕಿಸಕ್ಕೆನ್ನುತ್ತಿದ್ದರಂತೆ. ಅವನು ಹೆಂಡತಿಯ ಮೇಲೆ ರೇಗಲಿಲ್ಲ, ಸುಮ್ಮನೆ ಊಟ ಕಡಿಮೆ ಮಾಡಿದ. ರೇಗಿದ್ದರೇ ಚೆನ್ನಾಗಿತ್ತು.

ಇದನ್ನೆಲ್ಲ ಹುಲಿಗೆಮ್ಮ ನುಂಗಿಕೊಳ್ಳುತ್ತಿದ್ದಳು. ನುಂಗಲಾಗದ್ದು ಇನ್ನೊಂದಿತ್ತು. ಇಡೀ ಊರಿನಲ್ಲಿ ಆ ತುಣುಕನ್ನು ನೋಡಿ ನಗದೆ ಹೆಮ್ಮೆ ಪಡುವವರು ಒಬ್ಬರೇ ಇದ್ದರು, ಅವಳ ಮಾವ. ಗಿರಣಿಯ ಸದ್ದಿನಲ್ಲೇ ವಯಸ್ಸಾದ ದೊಡ್ಡತಿಮ್ಮಪ್ಪನವರಿಗೆ ಕಿವಿ ಮಂದ. ‘ಟೊಂಯ್’ ಅವರಿಗೆ ಕೇಳಿಸುತ್ತಲೇ ಇರಲಿಲ್ಲ. ರಾಗಿ ಬೀಸಿಸಲು ಬಂದವರನ್ನು ಗಿರಣಿಗೆ ಅಂಟಿಕೊಂಡ ಮನೆಯ ಪಡಸಾಲೆಯಲ್ಲಿ ಕೂರಿಸಿ ಟಿವಿ ತೋರಿಸುತ್ತಿದ್ದರು. “ನೋಡ್ರಿ, ಬಿದ್ರೂ ಸೆರಗು ಬಿಡ್ಲಿಲ್ಲ ನಮ್ಮ ಸೊಸಿ. ಮತ್ತೋಡಿನ ಹೆಣ್ಣು ಅಂದ್ರೆ ಹಂಗಿರ್ತಾವೆ” ಎನ್ನುತ್ತಿದ್ದರು. ಬಂದವರು ಬಾಯಿಗೆ ಟವಲು ಒತ್ತಿಕೊಂಡು ಹೂಂಗುಟ್ಟುತ್ತಿದ್ದರು. ಒಳಗೆ ಅಡುಗೆಮನೆಯಲ್ಲಿ ಹುಲಿಗೆಮ್ಮನಿಗೆ ಅದೆಲ್ಲ ಕೇಳುತ್ತಿತ್ತು. ತನ್ನನ್ನು ನಕ್ಕರೆ ನಗಲಿ. ತನ್ನ ನೆಪದಲ್ಲಿ ಆ ದೊಡ್ಡ ಮನುಷ್ಯನನ್ನು ನೋಡಿ ಅವರ ಮನೆಯಲ್ಲೇ ಕೂತು ನಗುತ್ತಾರಲ್ಲ, ಅದನ್ನು ಅವಳಿಂದ ತಡೆಯಲಾಗುತ್ತಿರಲಿಲ್ಲ. ಹೇಳೋಣವೆಂದರೆ ಆ ಮನೆಯಲ್ಲಿ ಸೊಸೆ ಮಾವನ ಜೊತೆ ಮಾತಾಡುವ ಪದ್ಧತಿಯಿಲ್ಲ. ಮದುವೆಯಾದಾಗಿನಿಂದ ಅವಳು ಅವರ ಮುಖವನ್ನೂ ಸರಿಯಾಗಿ ಕಂಡವಳಲ್ಲ. ಸೆರಗಿನಡಿಯಿಂದ ಕಾಣುತ್ತಿದ್ದದ್ದು ಹಿಟ್ಟು ಮೆತ್ತಿದ ಪಾದ ಮಾತ್ರ.

ಒಂದು ದಿನ ನೇರವಾಗಿ ದಿಲಾವರನ ಅಂಗಡಿಗೆ ಹೋದಳು.

“ಅದನ್ನ ತೆಗ್ದು ಹಾಕಣ್ಣ.”

ದಿಲಾವರ್ ಕೆಟ್ಟವನಲ್ಲ, ವ್ಯಾಪಾರಿ. “ಕುಂತ್ಕಳ್ರಿ ಅಕ್ಕ” ಎಂದು ಸ್ಟೂಲು ಕೊಟ್ಟ. “ಜನ ಅದನ್ನೇ ಕೇಳ್ತಾರೆ, ನಾನೇನ್ ಮಾಡ್ಲಿ? ಅದಕ್ಕಿಂತ ಚೆನ್ನಾಗಿರಾದು ಸಿಕ್ಕಿದ್ರೆ ಆವತ್ತೇ ತೆಗಿತೀನಿ. ಈಗ ಮೇಘಶ್ರೀ ಅಂತ ಕಾಲೇಜ್ ಹುಡುಗಿ ಗೆಲ್ತಾನೇ ಅವ್ಳೆ. ಬರ್ರಿ, ಇನ್ನೊಂದ್ ಸಲ ಜೋತುಬೀಳ್ರಿ.”

“ಬರ್ತೀನಿ” ಎಂದು ಹೊರಟಳು. ಸ್ಟೂಲಿನ ಮೇಲೆ ಅವಳು ಕೂತೇ ಇರಲಿಲ್ಲ ಎನ್ನುವುದು ದಿಲಾವರನಿಗೆ ಆಮೇಲೆ ಹೊಳೆಯಿತು.

ಮಧ್ಯಾಹ್ನ ಕರೆಂಟು ಹೋದರೆ ಗಿರಣಿ ನಿಲ್ಲುತ್ತಿತ್ತು, ಮಾವ ಪೇಟೆ ಕಡೆ ಹೊರಡುತ್ತಿದ್ದರು. ಆಗ ಹುಲಿಗೆಮ್ಮ ಗಿರಣಿಯ ಬಾಗಿಲು ಮುಂದೆ ಮಾಡಿ, ಸೂರಿನ ಕಬ್ಬಿಣದ ತೊಲೆಗೆ ಜೋತುಬೀಳುತ್ತಿದ್ದಳು. ಮೊದಮೊದಲು ಅಂಗೈಯಲ್ಲಿ ಬೊಬ್ಬೆಗಳು ಎದ್ದವು, ಒಡೆದವು, ಆಮೇಲೆ ಗಟ್ಟಿಯಾದವು. ಕರೆಂಟಿನವರನ್ನು ಊರೆಲ್ಲ ಬೈಯುತ್ತಿದ್ದಾಗ ಅವಳೊಬ್ಬಳು ಹರಸುತ್ತಿದ್ದಳು. ಒಂದು ದಿನ ಬೋರಕ್ಕ ಬಾಗಿಲು ತಳ್ಳಿ ಒಳಗೆ ಬಂದು ತಲೆ ಎತ್ತಿ ನೋಡಿದಳು.

“ಏನವ್ವ ಇದು, ಬಾವಲಿ ಆಗೀಯಾ?”

“ಹೂಂ ಅತ್ತೆ.”

ಬೋರಕ್ಕ ರಾಗಿ ಚೀಲದ ಮೇಲೆ ಕೂತಳು. ಅವಳಿಗೂ ಎಲ್ಲ ಗೊತ್ತಿತ್ತು. ಗಂಡನಿಗೆ ಹೇಳುವ ಧೈರ್ಯ ಅವಳಿಗೂ ಇರಲಿಲ್ಲ. “ಕೈಯೇನೋ ತಡಿತಾವೆ ಬಿಡು. ಅವ್ರೇ ಬಂದು ಮುಂದೆ ನಿಂತ್ರೆ ಏನ್ ಮಾಡ್ತೀಯ?”

ಹುಲಿಗೆಮ್ಮ ತೊಲೆ ಬಿಟ್ಟು ಕೆಳಗಿಳಿದಳು. ಸೆರಗು ಎಳೆದರೆ ಮತ್ತೆ ಬೀಳುತ್ತಾಳೆ, ಊರು ಮತ್ತೆ ನಗುತ್ತದೆ. ಎಳೆಯದಿದ್ದರೆ ಮಾವ ಊರಿಗೆಲ್ಲ ಹೇಳಿಕೊಂಡು ಬಂದ ಮರ್ಯಾದೆ ಎಲ್ಲರೆದುರು ಮಣ್ಣುಪಾಲು. ಅವರು ಬರದಿರಲಿ ದೇವರೇ ಎಂದಷ್ಟೇ ಬೇಡಿಕೊಂಡಳು.

ಸ್ಪರ್ಧೆಯ ಭಾನುವಾರ ದೊಡ್ಡತಿಮ್ಮಪ್ಪನವರು ಮದುವೆಗೆಂದು ಹಿರಿಯೂರಿಗೆ ಹೋಗಿದ್ದರು. ಬೋರಕ್ಕ ಸೊಸೆಯ ಸೆರಗನ್ನು ತಲೆಗೂ ಜಡೆಗೂ ಸೇರಿಸಿ ಇದ್ದಬದ್ದ ಪಿನ್ನುಗಳನ್ನೆಲ್ಲ ಚುಚ್ಚಿ ಕಳಿಸಿದಳು. ಮೈದಾನ ತುಂಬಿತ್ತು. ಮೇಘಶ್ರೀ ಚೂಡಿದಾರದ ವೇಲು ಸೊಂಟಕ್ಕೆ ಬಿಗಿದು ಬಂದಳು, ಕಬಡ್ಡಿ ಆಡುವ ಹುಡುಗಿ. ಜನರ ಕೇಕೆ ಕೇಳಿ ಅವಳಿಗೇ ಕಸಿವಿಸಿಯಾಯಿತು. “ಅವ್ರ ಕಡೆ ನೋಡಬ್ಯಾಡ್ರಿ ಅಕ್ಕ” ಎಂದಳು.

ದಿಲಾವರ್ ಸೀಟಿ ಊದಿದ. ಇಬ್ಬರೂ ಜೋತುಬಿದ್ದರು. ತೋಳು ಮೇಲೆ ಹೋದಂತೆ ರವಿಕೆ ಜಗ್ಗಿತು, ಸೆರಗು ಜಗ್ಗಿತು, ಪಿನ್ನುಗಳು ಒಂದೊಂದಾಗಿ ಬಿಟ್ಟುಕೊಂಡವು. ಸ್ವಲ್ಪ ಹೊತ್ತಿಗೆಲ್ಲ ಸೆರಗು ಬೆನ್ನ ಮೇಲಿತ್ತು. ಇರಲಿ, ಮಾವ ಹಿರಿಯೂರಿನಲ್ಲಿದ್ದಾರೆ. ಭುಜ ಉರಿಯಿತು, ಬೆರಳು ಜೋಮು ಹಿಡಿಯಿತು. ಅವಳು ಹಲ್ಲು ಕಚ್ಚಿದಳು.

ಅಷ್ಟರಲ್ಲಿ ಜನರ ನಡುವೆ ದಾರಿ ಬಿಟ್ಟುಕೊಂಡಿತು. ಸೊಸೆ ಮತ್ತೆ ಟಿವಿಯಲ್ಲಿ ಬರುತ್ತಾಳೆಂದು ಹಿರಿಯೂರಿನ ಮದುವೆಗೆ ಬಂದಿದ್ದ ಊರಿನವರೇ ಯಾರೋ ಹೇಳಿದ್ದರಂತೆ, ದೊಡ್ಡತಿಮ್ಮಪ್ಪನವರು ಮದುವೆಯೂಟ ಬಿಟ್ಟು ಬಸ್ಸು ಹತ್ತಿದ್ದರು. ಬಿಳಿ ಪಂಚೆ, ಬಿಳಿ ಶರ್ಟು, ಹೆಗಲ ಮೇಲೆ ಹೊಸ ಟವಲು. ದೊಡ್ಡವರು ಬಂದರೆಂದು ಜನ ಸರಿದು ಸರಿದು ಅವರನ್ನು ಎಲ್ಲರಿಗಿಂತ ಮುಂದೆ, ಸೊಸೆಯ ಎದುರಿಗೇ ತಂದು ನಿಲ್ಲಿಸಿದರು.

ಮರುಗಳಿಗೆ ಹಿಂದಿನಿಂದ “ಸೆರಗು, ಸೆರಗು” ಎಂಬ ಕೂಗು ಎದ್ದಿತು. ಇಬ್ಬರು ಪಡ್ಡೆಗಳು ತಲೆಗೆ ಟವಲು ಎಳೆದುಕೊಂಡು ಮರಳಿನಲ್ಲಿ ದೊಪ್ಪನೆ ಬಿದ್ದು ತೋರಿಸಿದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ದೊಡ್ಡತಿಮ್ಮಪ್ಪನವರ ಕಿವಿ ಮಂದವೇ ಹೊರತು ಕಣ್ಣು ಮಂದವಲ್ಲ. ಬಿದ್ದವರನ್ನು ನೋಡಿದರು, ನಗುವ ಬಾಯಿಗಳನ್ನು ನೋಡಿದರು. ಪಕ್ಕದಲ್ಲಿದ್ದ ಮುರುಗಪ್ಪನ ಕಡೆ ತಿರುಗಿದರು. ವಾರಕ್ಕೊಮ್ಮೆ ಗಿರಣಿಗೆ ಬಂದು ಟಿವಿ ಮುಂದೆ ಹೂಂಗುಟ್ಟುತ್ತಿದ್ದ ಮುರುಗಪ್ಪ ನೆಲ ನೋಡತೊಡಗಿದ. ಅವರಿಗೆ ಎಲ್ಲ ತಿಳಿಯಿತು.

ಮೇಲಿನಿಂದ ಹುಲಿಗೆಮ್ಮ ಅವರಿಗೆ ತಿಳಿದದ್ದನ್ನು ಕಂಡಳು. ಬಲಗೈ ಬೆರಳುಗಳು ಸಡಿಲವಾದವು, ಅಭ್ಯಾಸ ಎಲ್ಲಿಗೆ ಹೋಗುತ್ತದೆ? ಸೆರಗಿಗಾಗಿ ಕೈ ತಹತಹಿಸಿತು. ಅವಳು ಕಂಬಿಯನ್ನು ಮತ್ತೆ ಅಮುಕಿ ಹಿಡಿದಳು. ತಗ್ಗಿಸಬೇಕಾದ ತಲೆಯನ್ನು ತಗ್ಗಿಸದೆ, ಬರಿತಲೆಯಲ್ಲಿ ಮಾವನ ಮುಖವನ್ನು ನೇರವಾಗಿ ನೋಡಿದಳು. ಎಡಹುಬ್ಬಿನ ಮೇಲೆ ಹಳೆಯ ಗಾಯದ ಗುರುತಿತ್ತು. ಅದು ಇರುವುದೇ ಅವಳಿಗೆ ಗೊತ್ತಿರಲಿಲ್ಲ. ಆ ಮುಖ ಅವಮಾನದಿಂದ ಕಪ್ಪಿಟ್ಟಿತ್ತು, ಅವಳಿಗೆ ಅಳು ಬಂತು, ಆದರೂ ಕೈ ಬಿಡಲಿಲ್ಲ.

ದೊಡ್ಡತಿಮ್ಮಪ್ಪನವರು ಎರಡು ಹೆಜ್ಜೆ ಮುಂದೆ ಬಂದರು. ಬೈಯುತ್ತಾರೆ, ಇಲ್ಲವೇ ತಿರುಗಿ ಹೋಗುತ್ತಾರೆ ಎಂದು ಎಲ್ಲರೂ ಕಾದರು.

“ಬಿಡಬ್ಯಾಡ” ಎಂದರು. ಗಿರಣಿಯಲ್ಲಿ ಮಾತಾಡಿ ರೂಢಿಯಾದ ಗಂಟಲು, ಬೇಲಿಯಾಚೆಗೂ ಕೇಳಿಸಿತು. “ಸೆರಗು ಹಾಳಾಗ್ಲಿ. ನೀನು ಬಿಡಬ್ಯಾಡ.”

ನಗು ಅಲ್ಲಲ್ಲೇ ನಿಂತಿತು. ಮರಳಿನಲ್ಲಿ ಬಿದ್ದಿದ್ದವರು ಎದ್ದು ಟವಲು ಕೊಡವಿಕೊಂಡು ಹಿಂದೆ ಸರಿದರು. ಹುಲಿಗೆಮ್ಮನಿಗೆ ಕೈ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ, ಕಂಬಿಗೆ ಅಂಟಿಕೊಂಡಂತೆ ಇದ್ದಳು. ಪಕ್ಕದಲ್ಲಿ ಮೇಘಶ್ರೀ ಮುಲುಗಿದಳು, ಕಾಲು ಒದ್ದಾಡಿದಳು, ಕೊನೆಗೆ ಕೈ ಜಾರಿ ಮರಳಿಗೆ ಬಿದ್ದಳು.

ದಿಲಾವರ್ ಸೀಟಿ ಊದಿದ. “ಆತು ಅಕ್ಕ, ಗೆದ್ರಿ. ಇಳೀರಿ.”

ಅವಳು ಇಳಿಯಲಿಲ್ಲ. ನೆಲ ಮುಟ್ಟಿದರೆ ಮತ್ತೆ ಸೊಸೆಯಾಗಬೇಕು, ಸೆರಗೆಳೆದು ಪಾದ ನೋಡಬೇಕು. ಈ ಮುಖವನ್ನು ಇನ್ನೂ ಸ್ವಲ್ಪ ಹೊತ್ತು ನೋಡಬೇಕೆನಿಸಿತು. ಮಾವನೂ ಅಲ್ಲೇ ನಿಂತಿದ್ದರು, ಎಲ್ಲಿಗೂ ಹೋಗುವ ಅವಸರವಿಲ್ಲದವರಂತೆ.

ಆಮೇಲೆ ಬೆರಳುಗಳೇ ಸೋತವು. ಮರಳಿನ ಮೇಲೆ ಮಂಡಿಯೂರಿ ಬಿದ್ದಳು, ಎದ್ದು ನಿಂತಳು, ಸೆರಗು ಎಳೆದುಕೊಳ್ಳಲು ಕೈ ಎತ್ತಹೋದಳು. ಕೈ ಸೊಂಟದಿಂದ ಮೇಲಕ್ಕೆ ಬರಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದಳು. ಎರಡೂ ಕೈ ಜೀವವಿಲ್ಲದಂತೆ ನೇತಾಡಿದವು. ಬರಿತಲೆಯಲ್ಲಿ, ಎಲ್ಲರೆದುರು, ಮಾವನ ಮುಂದೆ ನಿಂತಳು.

ದೊಡ್ಡತಿಮ್ಮಪ್ಪನವರು ಆ ಕೈಗಳನ್ನೇ ನೋಡುತ್ತಿದ್ದರು. ಮನೆಗೆ ಬಂದ ಸೊಸೆಯನ್ನು ಅವರು ಇಷ್ಟು ವರ್ಷದಲ್ಲಿ ಏನನ್ನೂ ಕೇಳಿದವರಲ್ಲ.

“ನೋಯ್ತಾವೇನವ್ವ?” ಎಂದು ಕೇಳಿದರು.

“ನೋಯ್ತಾವೆ ಮಾವ” ಎಂದಳು ಹುಲಿಗೆಮ್ಮ, ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ.