ಗಿರಣಿ ಅಟ್ಟದ ಮೇಷ್ಟ್ರು

ಪರದೇಶದ ಸೈನ್ಯ ಊರು ಬಿಟ್ಟು ಹೋದದ್ದೇ ತಡ, ಜನ ದ್ರೋಹಿಯನ್ನು ಹುಡುಕತೊಡಗಿದರು. ಮುಚ್ಚಿದ್ದ ಹಿಟ್ಟಿನ ಗಿರಣಿಯ ಅಟ್ಟದಲ್ಲಿ ಅಡಗಿದ್ದ ಶಾಲೆಯ ಮೇಷ್ಟ್ರನ್ನು ಯಾರೋ ಹಿಡಿದುಕೊಟ್ಟಿದ್ದರು. ಸೈನಿಕರು ಅವರನ್ನು ಗುಂಡಿಟ್ಟು ಕೊಂದಿದ್ದರು. ಎಲ್ಲರ ಕಣ್ಣೂ ಕ್ಷೌರದಂಗಡಿಯವನ ಮೇಲೆ ಬಿತ್ತು. ಸೈನ್ಯದ ಅಧಿಕಾರಿಗಳ ಗಡ್ಡ ಬೋಳಿಸುತ್ತಾ ಅವನು ಕತ್ತಿಯ ಜೊತೆ ನಾಲಿಗೆಯನ್ನೂ ಆಡಿಸಿದ ಎಂದು ಬೀದಿಯೆಲ್ಲ ಮಾತಾಯಿತು.

ಬೇಕರಿಯವನ ಹೆಂಡತಿಗೆ ಮಾತ್ರ ನಿಂತಲ್ಲಿ ನಿಲ್ಲಲಾಗಲಿಲ್ಲ. ಹಿಟ್ಟಿಗೆ ನೀರು ಹೆಚ್ಚು ಸುರಿದಳು, ಒಲೆಯಲ್ಲಿದ್ದ ಬ್ರೆಡ್ಡು ಸೀಯಿಸಿದಳು. ಅಟ್ಟಕ್ಕೆ ಕದ್ದು ಬ್ರೆಡ್ಡು ಒಯ್ಯುತ್ತಿದ್ದವಳು ಅವಳೇ. ಅದನ್ನು ಅವಳು ಹೇಳಿದ್ದು ಮನೆಯಲ್ಲೇ ಇದ್ದ ಅಣ್ಣನೊಬ್ಬನಿಗೆ.

ಹಿತ್ತಲಲ್ಲಿ ಲಾರಿಯ ಚಕ್ರ ಬಿಚ್ಚುತ್ತಿದ್ದ ಅಣ್ಣನನ್ನು, ಮೇಷ್ಟ್ರ ಸುದ್ದಿ ನೀನೇ ಹೇಳಿದ್ಯಾ ಎಂದು ಕೇಳಿಯೇಬಿಟ್ಟಳು. ಅವನು ತಲೆಯೆತ್ತಲಿಲ್ಲ.

"ಅವತ್ತು ನಿನ್ನ ಗಂಡನ್ನ ಹಿಡ್ಕೊಂಡು ಹೋದ ಸೈನಿಕರು ಮಾರನೇ ದಿನವೇ ಪುಗಸಟ್ಟೆ ಬಿಟ್ಟರು ಅಂದ್ಕೊಂಡ್ಯಾ? ನೀನು ಅನ್ನ ನೀರು ಬಿಟ್ಟು ಕೂತಿದ್ದೆ. ನನಗೆ ಬೇರೆ ದಾರಿ ಕಾಣಲಿಲ್ಲ."

ಗಂಡ ಮರಳಿ ಬಂದಾಗ ಅವಳು ಅದೃಷ್ಟ ಎಂದುಕೊಂಡು ಹಿಗ್ಗಿದ್ದಳು. ಅಷ್ಟರಲ್ಲಿ ಬೀದಿಯಲ್ಲಿ ಗಾಜು ಒಡೆದ ಸದ್ದಾಯಿತು. ಕ್ಷೌರದಂಗಡಿಯವನನ್ನು ಹೊರಗೆಳೆಯುತ್ತಿದ್ದರು. ಅಣ್ಣ ಬಾಗಿಲಿಗೆ ಅಡ್ಡ ನಿಂತು, ಸುಮ್ಮನಿದ್ದರೆ ಎಲ್ಲ ತಣ್ಣಗಾಗುತ್ತದೆ ಎಂದ. ಅವಳು ಹಿಟ್ಟಿನ ಕೈಯಿಂದಲೇ ಅವನನ್ನು ದೂಡಿ ಓಡಿದಳು.

ಗುಂಪಿನ ನಡುವೆ ನುಗ್ಗಿ ಕೂಗಿದಳು. "ಅವನನ್ನ ಬಿಡಿ. ಹೇಳಿಕೊಟ್ಟಿದ್ದು ನಮ್ಮಣ್ಣ."

ಕೈಗಳು ಒಂದೊಂದಾಗಿ ಸಡಿಲಾದವು. ಕ್ಷೌರದಂಗಡಿಯವನು ತುಟಿಯ ರಕ್ತ ಒರೆಸಿಕೊಂಡು, ಅವಳತ್ತ ನೋಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಅಣ್ಣ ಹಿತ್ತಲ ಗೋಡೆ ಹಾರಿ ಓಡಿದ್ದ. ಸಂಜೆಯೊಳಗೆ ಊರಾಚೆ ಸಿಕ್ಕಿಬಿದ್ದ. ಸಾಯುವ ತನಕ ಜೈಲು ಎಂದು ನ್ಯಾಯಾಲಯ ತೀರ್ಪು ಕೊಟ್ಟಿತು. ಊರಿನವರು ಅವಳನ್ನು ಹೊಗಳಿದರು. ಆದರೆ ಒಡಹುಟ್ಟಿದವನನ್ನೇ ಬಿಟ್ಟುಕೊಟ್ಟವಳು ನಾಳೆ ಯಾರನ್ನು ಬಿಟ್ಟಾಳು ಎಂದು ಅವಳ ಅಂಗಡಿಯ ಮುಂದೆ ದನಿ ತಗ್ಗಿಸಿ ಮಾತಾಡತೊಡಗಿದರು. ತನ್ನ ಬಿಡುಗಡೆ ಹೇಗಾಯಿತೆಂದು ತಿಳಿದ ಗಂಡ ಅವಳನ್ನು ಬಯ್ಯಲಿಲ್ಲ. ಗಿರಣಿಯ ಬೀದಿಯಲ್ಲಿ ಓಡಾಡುವುದನ್ನು ಮಾತ್ರ ಬಿಟ್ಟ.

ಅವಳು ಜೈಲಿಗೆ ಹೋದ ಮೊದಲ ಸಲ ಅಣ್ಣ ಹೊರಗೆ ಬರಲೇ ಇಲ್ಲ. ಮುಂದಿನ ಸಲ ಕಂಬಿಯ ಹಿಂದೆ ಬಂದು ನಿಂತು ಕೇಳಿದ.

"ಭಾವ ಹೇಗಿದ್ದಾರೆ?"

"ಬದುಕಿದ್ದಾರೆ. ನಿದ್ದೆ ಮಾಡಲ್ಲ."

ಅವನು ತಲೆಯಾಡಿಸಿದ. ಕಾವಲಿನವನು ಹೊತ್ತಾಯಿತು ಎನ್ನುವವರೆಗೂ ಅವಳು ಅಲ್ಲೇ ಕಾಲು ಬದಲಿಸುತ್ತಾ ನಿಂತಿದ್ದಳು.