ಅಳಿಸಿದ ಹನ್ನೊಂದು ಸಾಲು

ಫ್ಯಾನಿನ ಸದ್ದು ಜಾಸ್ತಿಯಾಗಿದೆ, ಅಣ್ಣನಿಗೆ ಹೇಳಬೇಕು. ದಿನಚರಿಯಲ್ಲಿ ಹೀಗೆ ಬರೆದುಕೊಂಡು ಅವಳಿಗೆ ನಾಲ್ಕು ದಿನವಾಗಿತ್ತು. ಚಪ್ಪಲಿ ಕಪಾಟಿನ ಮೇಲಿನ ಖಾನೆಯಲ್ಲಿ ಕೂತ ಹಳೆಯ ಕಂಪ್ಯೂಟರಿನ ಫ್ಯಾನು ಅದು. ಅಷ್ಟು ಹೇಳುವುದು ಏನು ಮಹಾ? ಆದರೆ ಆ ಪೆಟ್ಟಿಗೆಯ ಮಾತೆತ್ತಿದರೆ ಇನ್ನೊಂದು ಮಾತು ಅದರ ಬೆನ್ನಿಗೇ ಹೊರಬಿದ್ದೀತು ಎಂಬ ಭಯ. ಐದನೆಯ ದಿನ ಬರೆದಳು: ಇವತ್ತೂ ಹೇಳಲಿಲ್ಲ.

ಮನೆಯವರ ಇಮೇಲೆಲ್ಲ ಬಂದು ಬೀಳುತ್ತಿದ್ದದ್ದು ಆ ಪೆಟ್ಟಿಗೆಗೇ. ಅಣ್ಣ ಛಾಪಾಖಾನೆಯಲ್ಲಿ ಯಂತ್ರ ರಿಪೇರಿ ಮಾಡುವವನು. "ನಮ್ಮ ಕಾಗದ ಕಂಡವರ ಮನೇಲಿ ಯಾಕಿರಬೇಕು?" ಎಂದು ಹಠ ಹಿಡಿದು ಏಳು ವರ್ಷದ ಹಿಂದೆ ಮನೆಯಲ್ಲೇ ಅಂಚೆಕಚೇರಿ ಇಟ್ಟುಬಿಟ್ಟಿದ್ದ. ಕಸದ ಮೇಲ್ ಬೇರ್ಪಡಿಸಲು ತಾನೇ ಒಂದು ಪ್ರೋಗ್ರಾಂ ಬರೆದು, 'ಜರಡಿ' ಎಂದು ಹೆಸರಿಟ್ಟು, ಯಾರು ಬೇಕಾದರೂ ತೆಗೆದುಕೊಳ್ಳಲಿ ಎಂದು ಇಂಟರ್‌ನೆಟ್ಟಿನಲ್ಲಿ ಹಾಕಿದ್ದ. ಅದರ ತಲೆಯ ಮೇಲೆ ಹನ್ನೊಂದು ಸಾಲಿನ ಪರವಾನಗಿ ಇತ್ತು. ಬಳಸಿ, ತಿದ್ದಿ, ಬೇಕಿದ್ದರೆ ಮಾರಿ. ಬರೆದವನ ಹೆಸರು ಅಳಿಸಬೇಡಿ, ತಿದ್ದಿದ್ದನ್ನು ಬಚ್ಚಿಡಬೇಡಿ, ಎಲ್ಲರಿಗೂ ಕಾಣುವ ಹಾಗೆ ಇಡಿ. ಅಷ್ಟೇ ಅದರ ಸಾರ. ಜರಡಿಗೆ ಇನ್ನೊಂದು ಮರ್ಯಾದೆಯೂ ಇತ್ತು. ಯಾವ ಮೇಲನ್ನು ತಡೆದರೂ ಕಳಿಸಿದವರಿಗೆ 'ನಿಮ್ಮ ಮೇಲ್ ತಲುಪಿಲ್ಲ' ಎಂದು ಒಂದು ಸಾಲು ತಿಳಿಸುತ್ತಿತ್ತು.

ಪದವಿ ಮುಗಿಸಿ ಅವಳು ಕೆಲಸಕ್ಕೆ ಸೇರಿದ ಕಂಪನಿಯಲ್ಲಿ, ಆರನೆಯ ವಾರಕ್ಕೇ ಮ್ಯಾನೇಜರು ಅಂಥದೇ ಫಿಲ್ಟರ್ ಬರೆದುಕೊಡಲು ಹೇಳಿದ. ಕೊಟ್ಟ ಗಡುವು ಸಾಲದಾಯಿತು. ಇನ್ನೊಂದು ವಾರ ಬೇಕು ಎಂದು ಬಾಯಿಬಿಟ್ಟು ಕೇಳಲಾರದೆ ಅವಳು ಅಣ್ಣನ ಜರಡಿಯನ್ನೇ ಎತ್ತಿಕೊಂಡಳು. ಹನ್ನೊಂದು ಸಾಲು ಅಳಿಸಿ, ತನ್ನದೆಂದು ಕೊಟ್ಟಳು.

"ಪರವಾಗಿಲ್ವೇ, ಗುಮ್ಮನಗುಸುಕಿ!" ಎಂದ ಮ್ಯಾನೇಜರು. "ಎರಡೇ ತಿದ್ದುಪಡಿ. ದೊಡ್ಡ ಕಂಪನಿಗಳ ಮೇಲ್ ಬಿಟ್ಟು, ಮನೆ ಕನೆಕ್ಷನ್ನಿಂದ ನೇರ ಬರೋ ಮೇಲ್ ಎಲ್ಲ ಸೀದಾ ಬುಟ್ಟಿಗೆ ಹಾಕು, ಅದೆಲ್ಲ ಕಳ್ಳರದ್ದೇ. ಆ ಉತ್ತರ ಕಳಿಸೋದನ್ನೂ ತೆಗಿ. ಕಳ್ಳರ ಹತ್ರ ನಮಗೇನು ಉಭಯಕುಶಲೋಪರಿ?"

ಮನೆಯಿಂದ ಕಳಿಸುವವರೆಲ್ಲ ಕಳ್ಳರಲ್ಲ ಎಂಬ ಮಾತು ಗಂಟಲವರೆಗೆ ಬಂತು. ಅಲ್ಲಿಂದ ದಿನಚರಿಗೆ ಹೋಯಿತು. ಅವನು ಹೇಳಿದಂತೆಯೇ ತಿದ್ದಿಕೊಟ್ಟಳು.

ಆ ಫಿಲ್ಟರ್ ಕೊಂಡವರಲ್ಲಿ ಅಮ್ಮನನ್ನು ತೋರಿಸುತ್ತಿದ್ದ ಆಸ್ಪತ್ರೆಯೂ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಅಮ್ಮನ ಕರುಳಿನಲ್ಲಿ ಗಡ್ಡೆ. "ಸ್ಕ್ಯಾನ್ ರಿಪೋರ್ಟು ಮೇಲ್ ಮಾಡಿ, ನೋಡಿ ಆಪರೇಷನ್ನಿಗೆ ಕರೀತೀವಿ" ಎಂದಿದ್ದರು ಡಾಕ್ಟರು. ಅಣ್ಣ ಅದೇ ದಿನ ಕಳಿಸಿದ. ಆಮೇಲೆ ಎರಡು ಸಲ ನೆನಪಿಸಿಯೂ ಬರೆದ. ತಲುಪಿಲ್ಲ ಎಂಬ ಸಾಲು ಬರಲಿಲ್ಲವಾದ್ದರಿಂದ ತಲುಪಿದೆ ಎಂದೇ ನಂಬಿ ಕಾದ. ಹತ್ತನೆಯ ವಾರ ಅವನೇ ಕೌಂಟರಿನ ಮುಂದೆ ಹೋಗಿ ನಿಂತಾಗ, ರಿಪೋರ್ಟೇ ಬಂದಿಲ್ಲ, ಮನೆ ಕನೆಕ್ಷನ್ನಿನ ಮೇಲ್ ನಮ್ಮ ಫಿಲ್ಟರ್ ಒಳಗೆ ಬಿಡುವುದಿಲ್ಲ ಎಂದರು. ಹೊಸ ಸ್ಕ್ಯಾನಿನ ಹೊತ್ತಿಗೆ ಗಡ್ಡೆ ಯಕೃತ್ತಿಗೂ ಹಬ್ಬಿತ್ತು. ಇನ್ನು ಕೊಯ್ದು ಪ್ರಯೋಜನವಿಲ್ಲ ಎಂದುಬಿಟ್ಟರು.

ಮರುದಿನ ಆಫೀಸಿನಲ್ಲಿ ಅವಳು ಗಿರಾಕಿಗಳ ಪಟ್ಟಿ ತೆಗೆದಳು. ಆಸ್ಪತ್ರೆಯ ಹೆಸರಿತ್ತು. ಬುಟ್ಟಿಗೆ ಬಿದ್ದ ಮೇಲ್‌ಗಳ ನಡುವೆ ಅಣ್ಣನ ವಿಳಾಸ ಮೂರು ಕಡೆ ಇತ್ತು.

ಫ್ಯಾನಿನ ಮಾತು ದಿನಚರಿಗೆ ಬರೆದ ಆರನೆಯ ದಿನ ಭಾನುವಾರ. ಮಧ್ಯಾಹ್ನ ಅಣ್ಣ ಚಪ್ಪಲಿಗಳನ್ನೆಲ್ಲ ನೆಲಕ್ಕೆ ಹರವಿಕೊಂಡು, ಸ್ಕ್ರೂಡ್ರೈವರ್ ಹಿಡಿದು ಕಪಾಟಿನ ಮುಂದೆ ಕೂತಿದ್ದ.

"ಏನೋ ಅದು, ಚಪ್ಪಲಿ ಅಂಗಡಿ ಇಟ್ಟೆಯಾ?" ಒಳಗೆ ಮಂಚದಿಂದ ಅಮ್ಮ ಕೂಗಿದಳು.

"ಅಂಗಡಿ ಮುಚ್ತಾ ಇದ್ದೀನಮ್ಮ."

"ಬೇಡ್ವೋ. ಅದು ಗುರ್ ಅಂತಿದ್ರೇನೇ ನನಗೆ ನಿದ್ದೆ. ನಿಮ್ಮಪ್ಪ ಇನ್ನೂ ಪಕ್ಕದಲ್ಲೇ ಗೊರಕೆ ಹೊಡೀತಿದ್ದ ಹಾಗಿರುತ್ತೆ."

ಅಣ್ಣ ನಗಲಿಲ್ಲ. ಬಾಗಿಲ ಬಳಿ ನಿಂತಿದ್ದ ತಂಗಿಯ ಕಡೆ ನೋಡದೆ ಮೆಲ್ಲಗೆ ಹೇಳಿದ: "ನನ್ನ ಹಠಕ್ಕೆ ಅಮ್ಮನ್ನ ಬಲಿ ಕೊಟ್ಟೆ ಕಣೇ. ಎಲ್ಲರ ಹಾಗೆ ಯಾವುದೋ ಕಂಪನಿ ಮೇಲ್ ಇಟ್ಕೊಂಡಿದ್ರೆ ತಲುಪಿರೋದು."

ಅವಳು ಚೌಕಟ್ಟಿನ ಬಣ್ಣ ಉಗುರಿನಿಂದ ಕೆರೆಯುತ್ತ ನಿಂತಳು.

"ಒಂದು ಸಾಲು ವಾಪಸ್ ಬಂದಿದ್ರೂ ಸಾಕಿತ್ತು. ಅವತ್ತೇ ಓಡಿಹೋಗಿ ಕೈಯಲ್ಲಿ ಕೊಟ್ಟು ಬರ್ತಿದ್ದೆ. ಆ ಫಿಲ್ಟರ್ ಬರೆದವನಿಗೂ ಒಬ್ಬಳು ಅಮ್ಮ ಇರ್ತಾಳಲ್ವಾ?"

ಜರಡಿಯನ್ನು ಯಾರು ಎಲ್ಲಿ ತಿದ್ದಿದರೂ ಅಣ್ಣ ಅದನ್ನು ಹುಡುಕಿಕೊಂಡು ಹೋಗಿ ಅಕ್ಷರ ಬಿಡದೆ ಓದುತ್ತಿದ್ದ. ಆ ಹನ್ನೊಂದು ಸಾಲು ಉಳಿದಿದ್ದರೆ, ಅವಳ ಎರಡು ತಿದ್ದುಪಡಿ ಬಯಲಲ್ಲಿದ್ದಿದ್ದರೆ, ಅವನ ಕಣ್ಣು ತಪ್ಪುತ್ತಿರಲಿಲ್ಲ. ಇದನ್ನೂ ಅವಳು ದಿನಚರಿಯಲ್ಲಿ ಬರೆದಿದ್ದಳು, ಒತ್ತಿ, ಕೆಳಗಿನ ಹಾಳೆಗೂ ಅಚ್ಚು ಮೂಡುವಂತೆ.

ಅಣ್ಣ ಪ್ಲಗ್ ಕಿತ್ತ. ಫ್ಯಾನು ತಿರುಗುತ್ತ ತಿರುಗುತ್ತ ನಿಂತಿತು. ಮನೆಯೊಳಗೆ ಅಮ್ಮನ ಉಸಿರು ಮಾತ್ರ ಕೇಳತೊಡಗಿತು.

"ಮೂಗೀ," ಎಂದಳು ಅಮ್ಮ. ಚಿಕ್ಕಂದಿನಿಂದ ಅವಳನ್ನು ಕರೆಯುತ್ತಿದ್ದದ್ದೇ ಹಾಗೆ. "ನೀನಾದ್ರೂ ಅವನಿಗೆ ಹೇಳೇ."

ಅವಳು ಚಪ್ಪಲಿಗಳ ನಡುವೆ ಕೂತಳು. ದನಿ ಒಳಮನೆಗೆ ಕೇಳುವಷ್ಟು ಗಟ್ಟಿಯಾಗಿಯೇ ಬಂತು.

"ಅಣ್ಣಾ, ಆಸ್ಪತ್ರೇಲಿರೋದು ನಿನ್ನ ಜರಡೀನೇ. ನಿನ್ನ ಹೆಸರು ಅಳಿಸಿದ್ದು, ಆ ಒಂದು ಸಾಲು ಕಿತ್ತುಹಾಕಿದ್ದು, ನಾನು."