ಸೋಮವಾರ ತೆಗೆದ ರಕ್ತ

“ಅರವತ್ತು ಮಾದರಿ, ಅರವತ್ತೂ ನೆಗೆಟಿವ್. ಸರಿ ಅಲ್ವಾ ಸರ್?” ಎಂದು ಕೇಳಿ ಡಾಕ್ಟರ್ ಕೃತಿಕಾ ವರದಿಯ ಪ್ರತಿಯನ್ನು ಶಿವಯೋಗಪ್ಪನವರ ಕಡೆಗೆ ತಿರುಗಿಸಿಟ್ಟರು.

ಶಿವಯೋಗಪ್ಪ ಕನ್ನಡಕ ಹಾಕಿಕೊಂಡರು. ಓದುವ ಅಗತ್ಯವಿರಲಿಲ್ಲ. ಹರಿಹರ ತಾಲ್ಲೂಕು, ಹಿರೇಮಟ್ಟಿ ಗ್ರಾಮ, ಕರೆಯುವ ಹಸುಗಳು ಅರವತ್ತು, ಕಂದುರೋಗದ ಪರೀಕ್ಷೆ, ರೋಗ ಕಂಡುಬಂದವು ಸೊನ್ನೆ. ಕೆಳಗೆ ಮಾದರಿ ಸಂಗ್ರಹಿಸಿದ ಪಶುವೈದ್ಯಕೀಯ ಪರೀಕ್ಷಕರ ಸಹಿ. ಅದು ಅವರದೇ. ಮೂವತ್ತೊಂದು ವರ್ಷದಿಂದ ಒಂದೇ ಅಳತೆಯಲ್ಲಿ ಬಂದ ಸಹಿ.

“ದಾಖಲೆ ಹಾಗೆಯೇ ಇದೆ,” ಎಂದರು.

ಕೃತಿಕಾ ದಾವಣಗೆರೆಯ ರಕ್ತಕೇಂದ್ರದ ವೈದ್ಯಾಧಿಕಾರಿ. ವಯಸ್ಸು ಮೂವತ್ತು ದಾಟಿರಲಾರದು. ಅವರು ವಿಷಯವನ್ನು ಸುತ್ತುಬಳಸದೆ ಹೇಳಿದರು. ಎಂ.ಸಿ.ಸಿ. ‘ಎ’ ಬ್ಲಾಕ್ ಬಡಾವಣೆಯ ಬಾಣಂತಿಯೊಬ್ಬಳಿಗೆ ಹೆರಿಗೆಯಲ್ಲಿ ರಕ್ತಸ್ರಾವವಾಗಿ ಎರಡು ಬಾಟಲಿ ರಕ್ತ ಕೊಡಬೇಕಾಯಿತು. ಐದು ವಾರದ ಮೇಲೆ ಜ್ವರ ಬಂತು; ಸಂಜೆ ಏರುವುದು, ಬೆಳಿಗ್ಗೆ ಇಳಿಯುವುದು. ಪರೀಕ್ಷೆಯಲ್ಲಿ ಸಿಕ್ಕಿದ್ದು ದನಗಳ ಗಬ್ಬ ಕೆಡಿಸುವ, ಹಸಿಹಾಲಿನಿಂದ ಮನುಷ್ಯರಿಗೂ ತಗಲುವ ಕಂದುರೋಗದ ರೋಗಾಣು. ಆ ಮನೆಯವರು ದನ ಸಾಕಿದವರಲ್ಲ, ಪ್ಯಾಕೆಟ್ ಹಾಲು ಬಿಟ್ಟು ಬೇರೆ ಹಾಲು ತಂದವರಲ್ಲ. ಎರಡು ಬಾಟಲಿಗಳಲ್ಲಿ ಒಂದು ಪೇಟೆಯ ಅಂಗಡಿಕಾರರೊಬ್ಬರದು, ಇನ್ನೊಂದು ಹಿರೇಮಟ್ಟಿಯವರೊಬ್ಬರದು.

“ಕೊಟ್ಟವರ ಹೆಸರು ಹೇಳೋ ಹಾಗಿಲ್ಲ ಸರ್. ಒಂಬತ್ತನೇ ಸಲ ಕೊಟ್ಟವರು, ಅಷ್ಟೇ. ಅದೇ ಊರಲ್ಲಿ ಈ ಭಾನುವಾರ ನಮ್ಮ ಶಿಬಿರ ಇದೆ. ಎಂಬತ್ತು ಜನ ಹೆಸರು ಬರೆಸಿದ್ದಾರೆ. ಈ ರೋಗಕ್ಕೆ ನಾವು ಬಾಟಲಿ ಬಾಟಲಿಗೂ ಪರೀಕ್ಷೆ ಮಾಡಲ್ಲ. ಹಾಗಂತ ದನ ಸಾಕೋರೇ ಬೇಡ ಅಂದ್ರೆ ಈ ಜಿಲ್ಲೇಲಿ ರಕ್ತ ಕೊಡೋಕೆ ಯಾರು ಉಳೀತಾರೆ? ಅದಕ್ಕೇ ನಿಮ್ಮವರ ವರದಿ ತರಿಸಿದ್ದು. ನೋಡಿ ಸಮಾಧಾನ ಆಯ್ತು. ‘ಖಚಿತಪಡಿಸಿದೆ’ ಅಂತ ಇಲ್ಲೊಂದು ಸಹಿ ಹಾಕಿಬಿಡಿ. ಶಿಬಿರ ನಡೆಸ್ತೀವಿ.”

“ಆ ಹೆಣ್ಣುಮಗಳು ಹೇಗಿದ್ದಾಳೆ?”

“ಔಷಧಿ ಇದೆ, ವಾಸಿಯಾಗುತ್ತೆ. ಆದರೆ ಸೊಂಟ ಹಿಡಿದುಬಿಟ್ಟಿದೆ. ಎದ್ದು ಕೂತು ಮಗುವನ್ನ ತೊಡೆ ಮೇಲೆ ಹಾಕ್ಕೊಳ್ಳೋಕಾಗ್ತಿಲ್ಲ. ಹಾಲು ಬಿಡಿಸಿದೀವಿ.”

ಶಿವಯೋಗಪ್ಪ ಸಹಿ ಹಾಕಿದರು. ಅಳತೆ ಒಂದಿಷ್ಟೂ ತಪ್ಪಲಿಲ್ಲ. ಮೆಟ್ಟಿಲು ಇಳಿಯುವಾಗ ಅದು ನೆನಪಾಗಿ, ಸಹಿಗಿಂತ ಅದೇ ಹೆಚ್ಚು ನಾಚಿಕೆಯೆನಿಸಿತು.

ಆ ಅರವತ್ತು ಮಾದರಿಯ ಟ್ಯೂಬುಗಳನ್ನು ತುಂಬಿದ್ದು ಹನ್ನೊಂದು ತಿಂಗಳ ಹಿಂದೆ, ಒಂದು ಸೋಮವಾರ. ಮಾದರಿ ಸಂಗ್ರಹ ಘಟಕಕ್ಕೆ ಇದ್ದದ್ದು ಒಂದು ಜೀಪು, ಒಂದು ಐಸ್ ಪೆಟ್ಟಿಗೆ. ಸರದಿಯ ಪ್ರಕಾರ ಹಿರೇಮಟ್ಟಿಯ ಪಾಲಿಗೆ ಸೋಮವಾರ ಬಂದಿತ್ತು. ಸೋಮವಾರ ಬಸವಣ್ಣನ ವಾರ. ಆ ಸೀಮೆಯಲ್ಲಿ ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ದನದ ಮೈಗೆ ಸೂಜಿ ತಾಗಿಸುವುದಿಲ್ಲ. ಪಟ್ಟಿ ತಯಾರಿಸಿದವರಿಗೆ ಅದು ಹೊಳೆದಿರಲಿಲ್ಲ. ಶಿವಯೋಗಪ್ಪನವರಿಗೆ ಹೊಳೆದಿತ್ತು, ಅವರ ತಂದೆಯೂ ಸೋಮವಾರ ನೇಗಿಲು ಹೂಡಿದವರಲ್ಲ. ಆದರೂ ಪಟ್ಟಿ ತಿದ್ದಿರೆಂದು ಅವರು ಹೇಳಲಿಲ್ಲ. ಹೇಳುವುದು ತಮ್ಮ ಕೆಲಸವಲ್ಲವೆಂದುಕೊಂಡಿದ್ದರು. ಹಿರೇಮಟ್ಟಿಯ ಮನೆಮನೆಯಲ್ಲೂ ಒಂದೇ ಮಾತು: “ಇವತ್ತ್ ಬ್ಯಾಡ್ರಿ, ನಾಳೆ ಬರ್ರಿ.” ನಾಳೆ ಜೀಪು ಬೇರೆ ಊರಿನದು. ಊರ ಅಂಚಿನ ಅಮೀನಾಬೀ ಒಬ್ಬಳೇ ತನ್ನ ನಾಲ್ಕು ಹಸುಗಳ ಹಗ್ಗ ಹಿಡಿದು ನಿಂತಳು.

ಅರವತ್ತನ್ನು ನಾಲ್ಕರಿಂದ ಭಾಗಿಸಿದರೆ ಹದಿನೈದು, ಶೇಷವಿಲ್ಲ.

“ಎಷ್ಟ್ ರಗತ ತಗೀತೀರಿ ಸಾಹೇಬ್ರ? ನನ್ ಆಕಳ ಹೊಟ್ಟ್ಯಾಗ ಬಾವಿ ತೋಡಾಕ್ ಬಂದೀರೇನು?” ಎಂದು ಹತ್ತನೆಯ ಟ್ಯೂಬಿನ ಹೊತ್ತಿಗೆ ಅವಳು ನಕ್ಕಿದ್ದಳು.

“ಸರ್ಕಾರದ ಕೆಲಸ,” ಎಂದಿದ್ದರು.

ಡೇರಿಯ ಪುಸ್ತಕದಿಂದ ಅರವತ್ತು ಹಸುಗಳ ಕಿವಿಬಿಲ್ಲೆಯ ಸಂಖ್ಯೆಗಳನ್ನು ಜೀಪಿನಲ್ಲೇ ಕುಳಿತು ಟ್ಯೂಬುಗಳ ಮೇಲೆ ಬರೆದರು. ಎರಡು ತಿಂಗಳ ಮೇಲೆ ಡೇರಿಯ ಗೋಡೆಗೆ ಹಸಿರು ಬಣ್ಣದಲ್ಲಿ ‘ಕಂದುರೋಗ ಮುಕ್ತ ಗ್ರಾಮ’ ಎಂದು ಬರೆಸಲಾಯಿತು. ಹಾಲು ಕಾಯಿಸಿ ಕುಡಿಯಿರೆಂದು ಹೇಳಿಕೊಂಡು ಬರುತ್ತಿದ್ದ ಆರೋಗ್ಯ ಕಾರ್ಯಕರ್ತೆಗೆ ಜನ ಆ ಗೋಡೆಯನ್ನು ತೋರಿಸಿ ಕಳಿಸುತ್ತಿದ್ದರಂತೆ. ಅಂದಿನಿಂದ ಆ ಊರಿನಲ್ಲಿ ಯಾರು ನೊರೆಹಾಲು ತಂದುಕೊಟ್ಟರೂ ಶಿವಯೋಗಪ್ಪ ಸಕ್ಕರೆ ಕಾಯಿಲೆಯ ನೆಪ ಹೇಳಿ ಕೈ ಅಡ್ಡ ಹಿಡಿಯುತ್ತಿದ್ದರು. ಅವರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ.

ಸ್ಕೂಟರನ್ನು ಮನೆಯ ಕಡೆ ತಿರುಗಿಸದೆ ಅವರು ನೇರವಾಗಿ ಹರಿಹರಕ್ಕೆ, ಘಟಕದ ಕಚೇರಿಗೆ ಹೋದರು. ಮುಖ್ಯಸ್ಥರಾದ ಬಸವಪ್ರಭು ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ಎಲ್ಲವನ್ನೂ ಕೇಳಿಸಿಕೊಂಡು ಪೆನ್ನಿನ ಮುಚ್ಚಳ ಹಾಕಿದರು.

“ಈಗ ಯಾಕ್ ಸರ್ ಇದು? ನಿವೃತ್ತಿಗೆ ಇನ್ನ ಏಳ್ ತಿಂಗ್ಳು ಐತೆ ನಿಮಗ.”

“ಭಾನುವಾರ ಶಿಬಿರ ಇದೆ.”

“ಶಿಬಿರ ಆರೋಗ್ಯದವ್ರದ್ದು. ನಮ್ದು ದನ. ಮನುಷ್ಯರ ರಗತ ಅವ್ರು ನೋಡ್ಕೊಳ್ಳಿ.”

“ನಮ್ಮ ದನದ ವರದಿ ನೋಡಿಯೇ ಅವರು ಮನುಷ್ಯರ ರಕ್ತ ತೆಗೆಯುತ್ತಿದ್ದಾರೆ.”

“ವರದಿ ಜಿಲ್ಲೆಗೆ ಹೋಗೈತೆ, ಅಲ್ಲಿಂದ ಬೆಂಗಳೂರಿಗೂ ಹೋಗೈತೆ. ಈಗ ಒಂದೂರಿಂದು ಸುಳ್ಳು ಅಂದ್ರೆ ಉಳಿದ ನಲವತ್ತೊಂದು ಊರಿಂದೂ ಕೇಳ್ತಾರ.” ಬಸವಪ್ರಭು ಮಾತನ್ನು ಅಷ್ಟಕ್ಕೆ ನಿಲ್ಲಿಸಿದರು. ಅವರ ಮುಖವನ್ನೇ ನೋಡಿದರು. “ಉಳಿದವು ಸರಿ ಅದಾವಲ್ಲ?”

ಶಿವಯೋಗಪ್ಪ ಮನಸ್ಸಿನಲ್ಲಿ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿಕೊಂಡರು.

“ಪಟ್ಟಿಯಲ್ಲಿ ಇಂಥವೇ ಇನ್ನೂ ಐದು ಸೋಮವಾರಗಳಿವೆ,” ಎಂದರು.

ಹೊರಗೆ ಜವಾನ ಯಾರಿಗೋ ನಾಳೆ ಬರಲು ಹೇಳುತ್ತಿದ್ದುದು ಕೇಳಿಸುತ್ತಿತ್ತು. ಬಸವಪ್ರಭು ಎದ್ದು ಬಾಗಿಲನ್ನು ಸ್ವಲ್ಪ ಮುಂದೆ ಮಾಡಿ ಬಂದರು. ಧ್ವನಿ ಮೆತ್ತಗಾಗಿತ್ತು. “ನೀವು ಹೇಳ್ಲಿಲ್ಲ, ನಾ ಕೇಳ್ಲಿಲ್ಲ. ಮುಂದಿನ ಸುತ್ತಿನಾಗ ಎಲ್ಲಾ ಸರಿಯಾಗಿ ತಗೊಂಡ್ರಾತು. ಮನೀಗೆ ಹೋಗಿ ಒಂದಿಷ್ಟ್ ಮಲಗ್ರಿ ಸರ್. ಮುಖ ಬಾಡೈತೆ.”

ಮಾತಿನಲ್ಲಿ ನಿಜವಾದ ಕಾಳಜಿ ಇತ್ತು. ಬೈದಿದ್ದರೆ ಶಿವಯೋಗಪ್ಪನವರಿಗೆ ಹಗುರವಾಗುತ್ತಿತ್ತು.

ಒಂಬತ್ತು ಸಲ ರಕ್ತ ಕೊಟ್ಟವನು ಯಾರೆಂದು ಊರಿಗೆಲ್ಲ ಗೊತ್ತಿತ್ತು; ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕಡರನಾಯಕನಹಳ್ಳಿ ದಾಟಿ ಮೂರು ಕಿಲೋಮೀಟರು ಹೋಗಿ, ಹಿರೇಮಟ್ಟಿಯಲ್ಲಿ ಎರ್ರಿಸ್ವಾಮಿಯ ಕೊಟ್ಟಿಗೆಯ ಮುಂದೆ ಸ್ಕೂಟರು ನಿಲ್ಲಿಸಿದರು. ಸಂಜೆಯ ಹಾಲು ಕರೆಯುವ ಹೊತ್ತು. ಎರ್ರಿಸ್ವಾಮಿ ಕುಕ್ಕರುಗಾಲಲ್ಲಿ ಕುಳಿತು ಕೆಂದಾಕಳನ್ನು ಕರೆಯುತ್ತಿದ್ದ. ಬಿಸಿಲಿಳಿದಿದ್ದರೂ ಅವನ ಹಣೆಯ ಮೇಲೆ ಬೆವರಿತ್ತು. ಅವನ ತಾಯಿ ಅಂಜಿನವ್ವ ಖಾಲಿ ಗೋಣಿಚೀಲವನ್ನು ಕೊಡವಿ ಕಟ್ಟೆಯ ಮೇಲೆ ಹಾಸಿದಳು.

“ಬರ್ರಿ ಸಾಹೇಬ್ರ, ಕೂಡ್ರಿ. ಇವತ್ತರ ಕುಡಿದ್ ಹೋಗ್ರಿ. ಸಕ್ಕರಿ ಹಾಕಿಲ್ರಿ, ಆಕಳು ಕೊಟ್ಟಂಗೇ ಐತೆ,” ಎಂದು ನೊರೆ ತುಂಬಿದ ಲೋಟ ಮುಂದೆ ಹಿಡಿದಳು.

“ಇದನ್ನ ಕಾಸಿ ಕುಡೀಬೇಕವ್ವ.”

“ಕಾಸಿದ್ರೆ ನೊರಿ ಎಲ್ಲಿರ್ತೈತ್ರಿ? ಗ್ವಾಡಿ ಮ್ಯಾಲೆ ನೀವೇ ಬರ್ಸೀರಿ, ಈಗ ನೀವೇ ಅಂಜ್ತೀರಿ.”

ಲೋಟವನ್ನು ಅವರು ತೆಗೆದುಕೊಂಡು ಪಕ್ಕದಲ್ಲಿಟ್ಟರು. “ಈ ವರ್ಷ ಯಾವುದಾದ್ರೂ ಆಕಳು ಕಂದು ಹಾಕೈತೇನು?”

“ಎರಡು ಹಾಕ್ಯಾವ್ರಿ. ಒಂದು ಯುಗಾದಿ ಮುಂದ, ಇನ್ನೊಂದು ಮೊನ್ನೆ. ಇವನೇ ಕೈ ಹಾಕಿ ಎಳದ. ಇಲ್ಲಾಂದ್ರ ಆಕಳೂ ಕೈಬಿಡ್ತಿತ್ತು. ರೋಗಂತೂ ಇಲ್ಲ ಅಂತ ಬರದೈತೆ. ಯಾರದೋ ದೃಷ್ಟಿ ಅಂತ ಸುಮ್ನಾದ್ವಿ.”

ಎರ್ರಿಸ್ವಾಮಿ ಹಸುವಿನ ಹೊಟ್ಟೆಗೆ ಹಣೆಯೊತ್ತಿಕೊಂಡೇ ನಕ್ಕ. “ಅದೆಲ್ಲ ಬಿಡವ್ವ. ಸಾಹೇಬ್ರ, ಭಾನುವಾರ ಬರ್ರಿ, ನೀವೂ ಒಂದ್ ಬಾಟ್ಲಿ ಕೊಡ್ರಿ. ಬರೇ ದನದ ರಗತ ಒಯ್ತೀರಿ, ನಿಮ್ದು ಯಾವಾಗ ಕೊಡೋದು? ನಂದು ಹತ್ತನೇದು. ಮಠದ ಸ್ವಾಮ್ಗಳು ಶಾಲು ಹೊದಿಸ್ತಾರಂತ.”

“ಶಾಲು ಹೊದಿಸ್ತಾರಂತ ಎಂಟು ದಿನದಿಂದ ಗಡ್ಡ ಕೆರಕಂಡು ಓಡಾಡ್ತಾನ್ರಿ. ರಾತ್ರಿ ಮೈ ಬಿಸಿ, ಹಗಲು ಈ ಸಂಭ್ರಮ,” ಎಂದಳು ಅಂಜಿನವ್ವ.

ಶಿವಯೋಗಪ್ಪ ಫೋನು ತೆಗೆದರು. ಮರೆಗೆ ಹೋಗಿ ಮಾತಾಡಬಹುದಿತ್ತು, ಎದ್ದು ಹೋಗಲಿಲ್ಲ. ಕುಳಿತಲ್ಲೇ, ಇಬ್ಬರಿಗೂ ಕೇಳುವಂತೆ ಹೇಳಿದರು.

“ಡಾಕ್ಟರೇ, ನಾನು ಶಿವಯೋಗಪ್ಪ. ಬೆಳಿಗ್ಗೆ ನಾನು ಹಾಕಿದ ಸಹಿ ಸುಳ್ಳು. ಹಿರೇಮಟ್ಟಿಯಲ್ಲಿ ನಾನು ರಕ್ತ ತೆಗೆದದ್ದು ಅರವತ್ತು ಹಸುಗಳಿಂದಲ್ಲ, ನಾಲ್ಕರಿಂದ. ನಾಲ್ಕೂ ಒಂದೇ ಮನೆಯವು. ಶಿಬಿರ ನಿಲ್ಲಿಸಿ. ಇಲ್ಲಿ ರೋಗ ಇದೆ, ನನ್ನ ಕಣ್ಣಮುಂದಿದೆ. ನಾಳೆ ಬರೆದು ತರುತ್ತೇನೆ. ಇನ್ನೂ ಐದು ಊರುಗಳ ಹೆಸರು ಬರೆಯಬೇಕು.”



“ಬೆಳಿಗ್ಗೆ ನನ್ನ ಎದುರಿಗೇ ಕೂತಿದ್ರಲ್ಲ ಸರ್,” ಎಂದರು ಕೃತಿಕಾ. “ಶಿಬಿರ ನಿಲ್ಲಿಸ್ತೀನಿ. ಊರವರನ್ನೆಲ್ಲ ಪರೀಕ್ಷೆ ಮಾಡಬೇಕಾಗುತ್ತೆ. ನೀವು ಬನ್ನಿ.” ಫೋನು ಇಟ್ಟರು.

ಹಾಲು ಪಾತ್ರೆಗೆ ಬೀಳುವ ಸದ್ದು ನಿಂತಿತ್ತು. ಎರ್ರಿಸ್ವಾಮಿ ಎದ್ದು ನಿಂತಿದ್ದ. ಬೈಗುಳಕ್ಕೆ ಶಿವಯೋಗಪ್ಪ ಸಿದ್ಧರಾಗಿದ್ದರು. ದಾರಿಯುದ್ದಕ್ಕೂ ಅದಕ್ಕೇ ಸಿದ್ಧರಾಗಿ ಬಂದಿದ್ದರು, ಹೊಡೆದರೂ ಸರಿಯೆಂದುಕೊಂಡಿದ್ದರು.

“ನನ್ ರಗತ ಯಾರಿಗೆ ಹೋತು?” ಎಂದು ಅವನು ಕೇಳಿದ.

“ಯಾರ ರಕ್ತ ಅಂತ ಅವರು ನನಗ ಹೇಳಿಲ್ಲಪ್ಪ.”

“ಈ ಊರಾಗ ದಾವಣಗೇರಿಗೆ ಹೋಗಿ ಕೊಟ್ ಬರೋನು ನಾನೊಬ್ನೇ. ಹೇಳ್ರಿ.”

“ಒಬ್ಬ ಬಾಣಂತಿಗೆ.”

“ಕೂಸು?”

“ಕೂಸಿಗೆ ಏನೂ ಆಗಿಲ್ಲ. ಆಕಿಗೆ ಸೊಂಟ ಹಿಡಿದೈತೆ. ಔಷಧಿ ನಡದೈತೆ. ನಿನಗೂ ಅದೇ ಔಷಧಿ ಬೇಕು.” ಇನ್ನೂ ಹೇಳಬೇಕಾದದ್ದು ಉಳಿದಿತ್ತು. “ಎರ್ರಿಸ್ವಾಮಿ, ತಪ್ಪು ನಿಂದಲ್ಲ. ನಂದು.”

ಅದು ಅವನ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಅವನು ತಾಯಿಯ ಕಡೆ ಒಮ್ಮೆ ನೋಡಿ ಕಣ್ಣು ತಗ್ಗಿಸಿದ. ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ಧ್ವನಿ ಇಳಿಸಿ ಕೇಳಿದ:

“ಆ ಮನ್ಯಾಗ ನನ್ ಹೆಸರು ಹೇಳ್ಯಾರೇನ್ರಿ?”

“ಇಲ್ಲ. ಹೇಳೋ ಹಾಗಿಲ್ಲ.”

“ಹೇಳಬ್ಯಾಡ ಅನ್ರಿ ಸಾಹೇಬ್ರ. ಕೈ ಮುಗೀತೀನಿ.” ನಿಜವಾಗಿಯೂ ಕೈ ಮುಗಿದ. ಬೆರಳುಗಳಿಗೆ ಇನ್ನೂ ಹಾಲಿನ ನೊರೆ ಅಂಟಿತ್ತು.

ಶಿವಯೋಗಪ್ಪನವರಿಗೆ ಆ ಕೈಗಳನ್ನು ಬಿಡಿಸಬೇಕೆನಿಸಿತು. ಎದ್ದರು. ಹತ್ತಿರ ಹೋಗುವ ಧೈರ್ಯ ಬರಲಿಲ್ಲ. ಅಂಜಿನವ್ವ ಒಮ್ಮೆ ಇವರ ಮುಖ, ಒಮ್ಮೆ ಮಗನ ಮುಖ ನೋಡಿ, “ಏನಾತ್ರಿ? ಯಾರ್ ಕೂಸು?” ಎಂದಳು.

ಎರ್ರಿಸ್ವಾಮಿ ನೀರಿನ ತೊಟ್ಟಿಯ ಬಳಿ ಹೋಗಿ ಕುಳಿತ. ಅಂಗಿಯ ತೋಳನ್ನು ಮೇಲಕ್ಕೆ ಮಡಚಿ, ಬಟ್ಟೆ ಒಗೆಯುವ ಸಾಬೂನು ತೆಗೆದುಕೊಂಡು ಕೈ ತೊಳೆಯತೊಡಗಿದ. ಅರ್ಧ ಕರೆದ ಹಸು ಕಾಲು ಬದಲಿಸುತ್ತ ಅವನ ಕಡೆ ಕತ್ತು ಹೊರಳಿಸಿತು. ಅವನು ನೀರು ಸುರಿದುಕೊಂಡು ಮತ್ತೆ ಸಾಬೂನು ಹಚ್ಚಿದ. ಬೆರಳುಗಳನ್ನು ಬಿಟ್ಟು, ಅಂಗೈಯನ್ನು ಬಿಟ್ಟು, ಮೊಣಕೈಯ ಒಳಮಡಿಕೆಯನ್ನು, ನರ ಕಾಣುವ ಜಾಗವನ್ನು, ಹೆಬ್ಬೆರಳಿನಿಂದ ಉಜ್ಜುತ್ತಲೇ ಇದ್ದ.